ಜಿನಮತಿ ಒಯ್ದ ಸಪ್ಪಳ

ಟೊಕ್.

ಜಿನಮತಿ ಕಣ್ಣು ಬಿಟ್ಟಳು. ಕಂದೀಲು ಆರಿಸಿ ಬಹಳ ಹೊತ್ತಾಗಿತ್ತು. ಪಡಸಾಲೆಯಲ್ಲಿ ಅಪ್ಪ ಗೊರಕೆ ಹೊಡೆಯುತ್ತಿದ್ದ. ಮಗ್ಗುಲಲ್ಲಿ ಅವ್ವ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಸಪ್ಪಳ ಬಂದದ್ದು ಅಪ್ಪನ ಅವ್ವ, ಆಯಿ, ಮಲಗುವ ಮೂಲೆಯಿಂದ. ಇಲಿ ಇರಲಿಕ್ಕಿಲ್ಲ. ಇಲಿ ಒಂದೇ ಸಲ ಸಪ್ಪಳ ಮಾಡಿ ಸುಮ್ಮನಾಗುವುದಿಲ್ಲ. ಜಿನಮತಿ ಉಸಿರು ಬಿಗಿಹಿಡಿದು ಕಾದಳು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ, ಇನ್ನೂ ಮೆಲ್ಲಗೆ ಕೇಳಿಸಿತು. ಟೊಕ್. ಅದರ ಹಿಂದೆಯೇ ಆಯಿ ಣಮೋಕಾರ ಮಂತ್ರ ಪಿಸುಗುಡುವ ದನಿ ಬಂತು.

ಮಂತ್ರ ದಿನವೂ ಕೇಳುವಂಥದ್ದೇ. ಎಚ್ಚರವಾದಾಗಲೆಲ್ಲ ಆಯಿ ಅದನ್ನು ಹೇಳುತ್ತಾಳೆ. ಜಿನಮತಿಗೆ ಬೇಕಾಗಿದ್ದದ್ದು ಆ ಟೊಕ್. ಯಾಕೆಂದರೆ ನಾಳೆ ಅವಳು ಶಾಲೆಗೆ ಒಂದು ಸಪ್ಪಳ ಒಯ್ಯಬೇಕಿತ್ತು.

ಇದೆಲ್ಲ ಹೊಸದಾಗಿ ಬಂದ ದಶರಥ ಸರ್ ಅವರ ಕೆಲಸ. ಅವರಿಗಿಂತ ಮೊದಲಿದ್ದ ಮಾಸ್ತರು ಮಗ್ಗಿ ಹೇಳಿಸುತ್ತಿದ್ದರು. ಬಂದರೆ ಕೂಡ್ರಬೇಕು, ಬಾರದಿದ್ದರೆ ಅಂಗೈ ಚಾಚಬೇಕು. ದಶರಥ ಸರ್ ಛಡಿಯನ್ನು ಕಪಾಟಿನ ಮೇಲೆ ಎಸೆದುಬಿಟ್ಟಿದ್ದರು. ಒಂದು ದಿನ ಹುಣಸೆ ಬೀಜ ಗುಡ್ಡೆ ಹಾಕಿ ಭಾಗಾಕಾರ. ಇನ್ನೊಂದು ದಿನ ಹೊಳೆಯ ಮಣ್ಣು ತಂದು ಎತ್ತು ಮಾಡುವುದು. ಮತ್ತೊಂದು ದಿನ ಕ್ಲಾಸಿನಲ್ಲೇ ಅಂಗಡಿ ಹಾಕಿ ಎಲೆಗಳನ್ನು ನೋಟು ಅಂತ ಕೊಟ್ಟು ವ್ಯಾಪಾರ.

ಹುಡುಗರೆಲ್ಲ ಕುಣಿಯುತ್ತಿದ್ದರು. ಜಿನಮತಿಗೆ ಮಾತ್ರ ಬೆಳಗಾದರೆ ಶಾಲೆಯ ಚಿಂತೆ ಹತ್ತುತ್ತಿತ್ತು. ಇವತ್ತು ಏನು ಮಾಡಿಸುತ್ತಾರೋ, ಯಾರ ಮುಂದೆ ನಿಲ್ಲಿಸುತ್ತಾರೋ. ಅವಳಿಗೆ ಹಿಡಿಸಿದ್ದು ಒಂದೇ ಪಾಠ, ಧ್ವಜದ ಕಂಬದ ನೆರಳು ಅಳೆದದ್ದು. ಅವತ್ತು ಎಲ್ಲರೂ ನೆರಳನ್ನೇ ನೋಡುತ್ತಿದ್ದರು. ಅವಳನ್ನು ಯಾರೂ ನೋಡಲಿಲ್ಲ.

ಇವತ್ತು ಸರ್ ಹೊಸದೊಂದು ಹೇಳಿದ್ದರು. ರಾತ್ರಿ ದೀಪ ಆರಿಸಿದ ಮೇಲೆ ಎಲ್ಲರೂ ಕಿವಿಗೊಟ್ಟು ಮಲಗಬೇಕು. ಮನೆಯಲ್ಲಿ ಕೇಳಿದ ಒಂದು ಸಪ್ಪಳವನ್ನು ಮರುದಿನ ಶಾಲೆಗೆ ತರಬೇಕು. ಬೋರ್ಡಿನ ಹಿಂದೆ ನಿಂತು ಸಪ್ಪಳ ಮಾಡಬೇಕು, ಉಳಿದವರು ಅದೇನೆಂದು ಗುರುತಿಸಬೇಕು.

ಬೆಳಿಗ್ಗೆ ಆಯಿ ಬಸದಿಗೆ ಹೋದದ್ದೇ ತಡ, ಜಿನಮತಿ ಹುಡುಕಲು ಶುರುಮಾಡಿದಳು. ಬಾಗಿಲ ಚಿಲಕ ಎಳೆದು ನೋಡಿದಳು. ಅಲ್ಲ. ಅಡಕೊತ್ತು ಒತ್ತಿದಳು. ಅದೂ ಅಲ್ಲ. ತಂಬಿಗೆಯ ಮೇಲೆ ಲೋಟ ಬೋರಲು ಹಾಕಿದಳು. ಅದೂ ಅಲ್ಲ. ಅವ್ವ ಒಲೆಯ ಮುಂದಿನಿಂದಲೇ, ಏನು ಬೇ ಅದು, ಮನಿ ತುಂಬ ಬೆಕ್ಕು ಬಿಟ್ಟಂಗ, ಅಂತ ಗೊಣಗಿದಳು.

ಆಗ ಅವಳಿಗೆ ಇರುವೆ ಕಂಡವು. ಗೋಡೆಯ ಬುಡದಿಂದ ಹೊರಟ ಸಾಲು, ಸುತ್ತಿಟ್ಟ ಆಯಿಯ ಹಾಸಿಗೆಯನ್ನು ಬಳಸಿ ಟ್ರಂಕಿನ ಹಿಂದೆ ಹೋಗಿತ್ತು. ಅಲ್ಲಿ ಕೈ ಹಾಕಿದರೆ ಉಂಡಿ ಡಬ್ಬಿ ಸಿಕ್ಕಿತು.

ಹಾಲಿನ ಪುಡಿ ಬರುತ್ತಿದ್ದ ಹಳೇ ತಗಡಿನ ಡಬ್ಬಿ ಅದು. ಓಣಿಯ ಹುಡುಗರು ಹಬ್ಬಕ್ಕೆ ಕಾಲಿಗೆ ಬೀಳಲು ಬಂದರೆ ಆಯಿ ಅದರಿಂದಲೇ ಒಂದೊಂದು ಶೇಂಗಾ ಉಂಡಿ ತೆಗೆದು ಕೊಡುತ್ತಿದ್ದಳು. ಯಾವಾಗಲೂ ಅಡುಗೆ ಮನೆಯ ಹಲಗೆಯ ಮೇಲಿರುವ ಡಬ್ಬಿ ಇಲ್ಲಿಗೆ ಯಾಕೆ ಬಂತು? ನಾನು ಕದ್ದು ತಿನ್ನುತ್ತೇನೆ ಅಂತ ಬಚ್ಚಿಟ್ಟಿರಬೇಕು, ಅಂದುಕೊಂಡಳು ಜಿನಮತಿ. ಮುಚ್ಚಳದ ನಡುವೆ ಸ್ವಲ್ಪ ತಗ್ಗಾಗಿತ್ತು. ಹೆಬ್ಬೆರಳಿನಿಂದ ಒತ್ತಿದಳು.

ಟೊಕ್.

ಅದೇ. ರಾತ್ರಿಯದೇ. ಅವಳಿಗೆ ಕುಣಿಯಬೇಕೆನಿಸಿತು. ಡಬ್ಬಿಗೆ ಹತ್ತಿದ್ದ ಇರುವೆಗಳನ್ನು ಆಯಿ ಕಲಿಸಿದ ಹಾಗೆ ಮೆಲ್ಲಗೆ ಊದಿ ಕೆಳಗಿಳಿಸಿ, ಅದನ್ನು ಪಾಟಿಚೀಲದಲ್ಲಿ ಇಟ್ಟುಕೊಂಡು ಓಡಿದಳು.

ಶಾಲೆಯಲ್ಲಿ ಆಗಲೇ ಗದ್ದಲ. ಹಾಲಸಿದ್ದ ಮೊದಲು ಬೋರ್ಡಿನ ಹಿಂದೆ ಹೋದ. ನಾಲಿಗೆಯಿಂದ ಠಕ್ಕೆಂದು ಹೊಡೆದು, ಮೂಗಿನಿಂದ ಗೂಂಯ್ ಎಂದು ಎಳೆದ. ಎಲ್ಲರೂ ಒಟ್ಟಿಗೆ, ನೀರಿನ ಮೋಟರ್, ಎಂದು ಕೂಗಿದರು.

"ಖರೆ," ಅಂದರು ಸರ್. "ಈಗ ಹೇಳು. ಯಾವಾಗ ಕೇಳಿದಿ? ಯಾರು ಮಾಡಿದ ಸಪ್ಪಳ?"

ನಡುರಾತ್ರಿ ಕರೆಂಟ್ ಬಂದಾಗ ಅಪ್ಪ ಎದ್ದು ಕಬ್ಬಿಗೆ ನೀರು ಬಿಡಲು ಹೋದದ್ದನ್ನು ಹಾಲಸಿದ್ದ ಹೇಳಿದ. ಸರ್ ಬೋರ್ಡಿನ ಮೇಲೆ ಬರೆದರು. ಸಪ್ಪಳ, ಹೊತ್ತು, ಯಾರು.

ಆಮೇಲೆ ಶೇವಂತಾ. ಅವಳು ತಂದದ್ದು ಕತ್ತರಿ. ಕರಕ್ ಕರಕ್ ಎಂದು ಒಂದೇ ಸಮ ಆಡಿಸಿದಳು. ಬೀಡಿ ಎಲೆ ಕತ್ತರಿಸುವುದು ಅಂತ ಗುರುತಿಸಲು ಯಾರಿಗೂ ತಡವಾಗಲಿಲ್ಲ.

"ನಮ್ಮವ್ವರಿ," ಅಂದಳು ಶೇವಂತಾ, ಸರ್ ಕೇಳುವ ಮೊದಲೇ. "ನಾವು ಮಲಗಿದ ಮ್ಯಾಲೂ ಕತ್ತರಸ್ತಿರತಾಳ್ರಿ. ಯಾವಾಗ ಮಲಗತಾಳೋ ನನಗ ಗೊತ್ತಿಲ್ರಿ."

ಶೇವಂತಾ ಕತ್ತರಿಯನ್ನು ಚೀಲದ ತಳಕ್ಕೆ ತುರುಕಿದಳು.

ಜಿನಮತಿ ಅವಳ ಕೈಯನ್ನೇ ನೋಡುತ್ತಿದ್ದಳು. ಮಗ್ಗಿ ಹೀಗಿರಲಿಲ್ಲ, ಅನಿಸಿತು. ಏಳೆಂಟಲೆ ಐವತ್ತಾರು ಅಂದರೆ ಮುಗಿಯಿತು, ನಿಮ್ಮ ಮನೆಯಲ್ಲಿ ಏನು ನಡೆದಿದೆ ಅಂತ ಅದು ಕೇಳುವುದಿಲ್ಲ. ಈ ಹೊಸ ಪಾಠಗಳು ಹಾಗಲ್ಲ. ನೇರ ಮನೆಯೊಳಗೆ ಬಂದು ಎಲ್ಲ ನೋಡುತ್ತವೆ.

ಆಮೇಲೆಯೇ ಅವಳಿಗೆ ಹೊಳೆದದ್ದು. ತನಗೂ ಸರ್ ಅದನ್ನೇ ಕೇಳುತ್ತಾರೆ. ಯಾವಾಗ? ಯಾರು?

ರಾತ್ರಿ. ಆಯಿ.

ಹೊತ್ತು ಮುಳುಗಿದ ಮೇಲೆ ಆಯಿ ಏನೂ ತಿನ್ನುವುದಿಲ್ಲ ಅನ್ನುವುದು ಊರಿಗೇ ಗೊತ್ತು. ಜಿನಮತಿಯ ಅಪ್ಪ ಹುಟ್ಟುವ ಮೊದಲಿನಿಂದಲೂ ಅದು ಅವಳ ವ್ರತ. ಹೋದ ತಿಂಗಳು ಬಚ್ಚಲ ಹತ್ತಿರ ತಲೆ ಸುತ್ತಿ ಬಿದ್ದಾಗ ಅಪ್ಪ ಅವಳನ್ನು ನಿಪ್ಪಾಣಿಗೆ ಕರೆದುಕೊಂಡು ಹೋಗಿದ್ದ. ಸಕ್ಕರೆ ಕಾಯಿಲೆ ಅಂತ ಡಾಕ್ಟರು ಗುಳಿಗೆ ಕೊಟ್ಟಿದ್ದರು. ಗುಳಿಗೆಯಿಂದ ಸಕ್ಕರೆ ತೀರ ಇಳಿದು ರಾತ್ರಿ ಕೈ ನಡುಗಿ ಬೆವರು ಬಂದರೆ ಕೂಡಲೇ ಬೆಲ್ಲವೋ ಸಕ್ಕರೆಯೋ ಬಾಯಿಗೆ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಜೀವಕ್ಕೆ ಅಪಾಯ, ಅಂದಿದ್ದರು.

"ಜೀವ ಹೋದ್ರ ಹೋಗ್ಲಿ," ಅಂದಿದ್ದಳು ಆಯಿ. "ರಾತ್ರಿ ನನ್ನ ಬಾಯಾಗ ಒಂದು ಹನಿ ನೀರೂ ಹೋಗಂಗಿಲ್ಲ."

ಅಪ್ಪ ಆ ಮಾತನ್ನು ಬಸದಿಯ ಕಟ್ಟೆಯ ಮೇಲೆ ಎಲ್ಲರಿಗೂ ಹೇಳಿ ಎದೆಯುಬ್ಬಿಸಿದ್ದ.

ಮುಂದಿನ ಸಾಲಿನಲ್ಲಿ ಕಾಕಾಸಾಹೇಬ ಕೂತಿದ್ದ, ಅವರದೇ ಓಣಿಯ ಹುಡುಗ. ಚಾತುರ್ಮಾಸದಲ್ಲಿ ಅವನು ಬಸ್ ಸ್ಟ್ಯಾಂಡಿನಲ್ಲಿ ಕತ್ತಲಾದ ಮೇಲೆ ಭಜಿ ತಿನ್ನುವುದನ್ನು ಆಯಿ ನೋಡಿ, ಮರುದಿನ ಬಸದಿಯಲ್ಲಿ ಹತ್ತು ಜನರ ಮುಂದೆ ಅವನ ಅವ್ವನಿಗೆ ಹೇಳಿದ್ದಳು. ಅವ್ವ ಅಲ್ಲೇ ಅವನ ಕಿವಿ ಹಿಂಡಿದ್ದಳು. ಅವನಿನ್ನೂ ಅದನ್ನು ಮರೆತಿರಲಿಲ್ಲ.

"ಜಿನಮತಿ, ಬಾ," ಅಂದರು ಸರ್.

ಅವಳು ಎದ್ದಳು. ಚೀಲ ಬಿಟ್ಟು ಹೋಗಬೇಕೋ, ತೆಗೆದುಕೊಂಡು ಹೋಗಬೇಕೋ ತಿಳಿಯಲಿಲ್ಲ. ಬಿಟ್ಟು ಹೋದರೆ ಯಾರಾದರೂ ತೆರೆದು ನೋಡಿಯಾರು. ಎದೆಗೆ ಅವುಚಿಕೊಂಡೇ ಬೋರ್ಡಿನ ಹಿಂದೆ ಹೋದಳು. ಬೇರೆ ಯಾವುದಾದರೂ ಸಪ್ಪಳ ಮಾಡಬೇಕು. ಅಪ್ಪನ ಗೊರಕೆ? ಬೆಕ್ಕು? ಯೋಚಿಸುತ್ತ ಅವಳು ಚೀಲವನ್ನು ಇನ್ನೂ ಬಿಗಿಯಾಗಿ ಅವುಚಿದಳು.

ಟೊಕ್.

"ಗಂಗೂಆಯಿ ಉಂಡಿ ಡಬ್ಬಿ, ಸರ್," ಅಂತ ಕಾಕಾಸಾಹೇಬ ನಿಂತೇಬಿಟ್ಟ. "ನಾ ಮೊದಲ ಹೇಳಿದ್ನಿ. ಅದರ ಸಪ್ಪಳ ನನಗ ಗೊತ್ತೈತಿ."

ಎಲ್ಲರೂ ಹೌದು ಹೌದು ಅಂದರು. ಓಣಿಯಲ್ಲಿ ಆ ಡಬ್ಬಿಯ ಉಂಡಿ ತಿನ್ನದವರೇ ಇರಲಿಲ್ಲ.

ಸರ್ ಸೀಮೆಸುಣ್ಣ ಎತ್ತಿಕೊಂಡರು. "ಯಾವಾಗ ಕೇಳಿದಿ?"

ಜಿನಮತಿ ಬೋರ್ಡಿನ ಹಿಂದಿನಿಂದ ಈಚೆ ಬಂದಳು. ಕಾಕಾಸಾಹೇಬ ಕತ್ತು ಚಾಚಿ ನೋಡುತ್ತಿದ್ದ. ಅವನಿಗೆ ಏನೋ ವಾಸನೆ ಹತ್ತಿದ ಹಾಗಿತ್ತು.

"ಅದು ನನ್ನ ಸಪ್ಪಳಲ್ರಿ ಸರ್," ಅಂದಳು ಅವಳು. "ಎಲ್ಲಾರಿಗೂ ಕೊಡಾಕಂತ ಉಂಡಿ ತಂದೀನ್ರಿ. ಕೈ ತಾಕಿ ಸಪ್ಪಳಾತು. ನನ್ನ ಸಪ್ಪಳ ಬ್ಯಾರೆ ಐತ್ರಿ. ಈಗ ಮಾಡ್ತೀನ್ರಿ."

ಅಂದು ಸುಮ್ಮನೆ ನಿಂತಳು. ಒಂದು ಗಳಿಗೆ ಆಯಿತು, ಎರಡಾಯಿತು. ಹೊರಗೆ ರಸ್ತೆಯಲ್ಲಿ ಕಬ್ಬಿನ ಗಾಡಿ ಹೋಯಿತು.

"ಏನೂ ಕೇಳವಲ್ದು," ಅಂದ ಯಾರೋ.

"ಇರುವಿ ಹೋಗೂ ಸಪ್ಪಳರಿ," ಅಂದಳು ಜಿನಮತಿ.

ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಶೇವಂತಾ ಕೂಡ ನಕ್ಕಳು. ಕಾಕಾಸಾಹೇಬ ಅಲ್ಲೇ ಅವಳಿಗೆ ಇರುವಿಬಾಯಿ ಅಂತ ಹೆಸರಿಟ್ಟ. ಸರ್ ಮಾತ್ರ ನಗಲಿಲ್ಲ.

"ನಿನಗ ಕೇಳಿಸ್ತೇನು ಅದು?"

"ಇಲ್ರಿ. ಕಣ್ಣಿಗೆ ಕಂಡೂರಿ."

ಸರ್ ಸ್ವಲ್ಪ ಹೊತ್ತು ಅವಳ ಮುಖ ನೋಡಿ, ಬೋರ್ಡಿನ ಮೇಲೆ ಇರುವೆ ಅಂತ ಬರೆದರು. ಹೊತ್ತು, ಯಾರು, ಅನ್ನುವ ಜಾಗ ಖಾಲಿ ಬಿಟ್ಟು, ಉಂಡಿ ಹಂಚು ಅಂದರು.

ಎಲ್ಲರಿಗೂ ಅರ್ಧರ್ಧ ಮುರಿದು ಕೊಟ್ಟಳು. ಕಾಕಾಸಾಹೇಬ ಬಾಯಿ ತುಂಬಿಕೊಂಡೇ ಇರುವಿಬಾಯಿ, ಇನ್ನೊಂದು, ಅಂದ. ಕೊನೆಯ ಚೂರು ಹೋದ ಮೇಲೆ ಜಿನಮತಿ ಖಾಲಿ ಡಬ್ಬಿಯ ತಳ ನೋಡಿದಳು. ಅಲ್ಲಿಯತನಕ ಅವಳು ಇವತ್ತಿನ ರಾತ್ರಿಯ ಬಗ್ಗೆ ಯೋಚಿಸಿರಲಿಲ್ಲ.

ಉಳಿದ ಪಾಠ ಯಾವುದೂ ತಲೆಗೆ ಹೋಗಲಿಲ್ಲ. ಗಂಟೆ ಹೊಡೆದದ್ದೇ ಓಡಿದಳು.

ಮನೆಯಲ್ಲಿ ಆಯಿ ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಸಿ, ಹಾಸಿಗೆ ಬಿಚ್ಚಿಕೊಂಡು ಕೂತಿದ್ದಳು. ಅವಳ ಒಂದು ಕೈ ಟ್ರಂಕಿನ ಹಿಂದೆ ತಡವುತ್ತಿತ್ತು. ಜಿನಮತಿಯನ್ನು ಕಂಡು ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಜಿನ್ನಿ, ಉಂಡಿ ಡಬ್ಬಿ ನೋಡಿಯೇನು?"

"ಸಾಲಿಗೆ ಒಯ್ದಿದ್ನಿ ಆಯಿ. ಹುಡುಗ್ರೆಲ್ಲಾ ತಿಂದ್ರು."

ಬೇರೆ ದಿನವಾಗಿದ್ದರೆ ಆಯಿ ಓಣಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದಳು. ಇವತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಆತು ಬಿಡು," ಅಂದಳು. "ಹುಡುಗ್ರು ತಿಂದ್ರಲ್ಲ, ಛಲೋ ಆತು."

ಅಷ್ಟು ಸಣ್ಣ ದನಿಯನ್ನು ಜಿನಮತಿ ಆಯಿಯ ಬಾಯಲ್ಲಿ ಎಂದೂ ಕೇಳಿರಲಿಲ್ಲ. ಬೈಗುಳಕ್ಕಿಂತ ಅದೇ ಹೆಚ್ಚು ಹೆದರಿಸಿತು. ಆಯಿಗೂ ಅಂಜಿಕೆ ಆಗುತ್ತದೆ ಅಂತ ಅವಳಿಗೆ ಇವತ್ತಿನವರೆಗೆ ಯಾರೂ ಹೇಳಿರಲಿಲ್ಲ.

ಅವಳು ಅಡುಗೆ ಮನೆಗೆ ಹೋಗಿ ಬೆಲ್ಲದ ಪೆಂಟಿಯನ್ನು ಕಲ್ಲಿನಿಂದ ಕುಟ್ಟತೊಡಗಿದಳು. ಅವ್ವ ಕೈ ಹಿಡಿದು, ಯಾಕೆ ಅಂತ ಕೇಳಿದಳು.

"ಸಾಲಿಗೆ ಬೇಕವ್ವಾ. ಸರ್ ಹೇಳ್ಯಾರ."

"ಒಂದಿನ ಹುಣಸಿ ಬೀಜ, ಒಂದಿನ ಮಣ್ಣು, ಈಗ ಬೆಲ್ಲ," ಅಂದಳು ಅವ್ವ. "ನಿಮ್ಮ ಸರ್ ಸಾಲಿ ನಡಸಾಕತ್ತಾರೋ ಸಂಸಾರ ಹೂಡಾಕತ್ತಾರೋ." ಅಂದರೂ ಕೈ ಬಿಟ್ಟಳು.

ದಶರಥ ಸರ್ ಅವರ ಪಾಠಗಳಿಂದ ಒಂದು ಉಪಕಾರವಾದದ್ದು ಆಗಲೇ. ಅವರ ಹೆಸರು ಹೇಳಿದರೆ ಮನೆಯಿಂದ ಏನು ಒಯ್ದರೂ ಯಾರೂ ಹೆಚ್ಚು ಕೇಳುತ್ತಿರಲಿಲ್ಲ.

ಜಿನಮತಿ ಬೆಲ್ಲದ ಚೂರುಗಳನ್ನು ಡಬ್ಬಿಗೆ ಹಾಕಲು ಹೋಗಿ ನಿಲ್ಲಿಸಿದಳು. ಮುಚ್ಚಳವನ್ನು ಒಮ್ಮೆ ನೋಡಿದಳು. ಡಬ್ಬಿಯನ್ನು ಅದರ ಹಲಗೆಯ ಮೇಲೆ ಖಾಲಿಯೇ ಇಟ್ಟಳು. ಆಯಿಯ ಹಳೇ ಸೀರೆಯ ಒಂದು ತುಂಡು ಹುಡುಕಿ, ತೊಳೆದು ತೊಳೆದು ಹತ್ತಿಯಂತೆ ಮೆತ್ತಗಾಗಿದ್ದ ಅದರಲ್ಲಿ ಬೆಲ್ಲ ಕಟ್ಟಿದಳು. ಗಂಟು ಬಿಗಿಯಲಿಲ್ಲ, ನಡುಗುವ ಬೆರಳಿಗೂ ಬಿಚ್ಚಲು ಬರುವಂತೆ ಸಡಿಲ ಬಿಟ್ಟಳು.

ಆಯಿ ಬಚ್ಚಲಿಗೆ ಎದ್ದು ಹೋದಾಗ ಅದನ್ನು ದಿಂಬಿನ ಕೆಳಗೆ ಸರಿಸಿ ಬಂದಳು.

ಕಂದೀಲು ಆರಿತು. ಅಪ್ಪನ ಗೊರಕೆ ಶುರುವಾಯಿತು. ಜಿನಮತಿ ಕಣ್ಣು ಮುಚ್ಚಲಿಲ್ಲ. ಈಗ ಇನ್ನೊಂದು ಚಿಂತೆ ಹತ್ತಿತ್ತು. ಸಪ್ಪಳವೇ ಆಗದಿದ್ದರೆ ಆಯಿ ಬೆಲ್ಲ ತಿಂದದ್ದು ತನಗೆ ಗೊತ್ತಾಗುವುದು ಹೇಗೆ? ದಿಂಬಿನ ಕೆಳಗೆ ಆಯಿ ಕೈ ಹಾಕದಿದ್ದರೆ? ಗಂಟು ಬಿಚ್ಚದಿದ್ದರೆ? ದೂರದ ಹೊಲದಲ್ಲಿ ಮೋಟರ್ ಶುರುವಾಯಿತು. ಹಾಲಸಿದ್ದನ ಅಪ್ಪ ಎದ್ದಿರಬೇಕು. ಶೇವಂತಾಳ ಮನೆಯಲ್ಲಿ ಕತ್ತರಿ ಇನ್ನೂ ಆಡುತ್ತಿರಬಹುದು. ಅವಳು ಆ ಮಗ್ಗುಲಿಗೆ ಹೊರಳಿದಳು, ಈ ಮಗ್ಗುಲಿಗೆ ಹೊರಳಿದಳು.

ಆಯಿಯ ಮೂಲೆಯಲ್ಲಿ ಹಾಸಿಗೆ ಸರಿದಂತಾಯಿತು. ಆಮೇಲೆ ಏನೂ ಇಲ್ಲ. ಬಹಳ ಹೊತ್ತು ಏನೂ ಇಲ್ಲ.

ಆಮೇಲೆ, ಬಾಯಲ್ಲಿ ಏನೋ ಇಟ್ಟುಕೊಂಡವರ ದನಿಯಲ್ಲಿ, ಆಯಿ ಮಂತ್ರ ಪಿಸುಗುಡತೊಡಗಿದಳು.

ಜಿನಮತಿ ಹಿಡಿದಿದ್ದ ಉಸಿರು ಬಿಟ್ಟಳು. ನಾಳೆ ಕಾಕಾಸಾಹೇಬ ಇರುವಿಬಾಯಿ ಅಂತ ಕರೆದೇ ಕರೆಯುತ್ತಾನೆ. ಬೆಲ್ಲ ಏನು ಮಾಡಿದಿ ಅಂತ ಅವ್ವ ಕೇಳುತ್ತಾಳೆ. ಬೋರ್ಡಿನ ಮೇಲೆ ಖಾಲಿ ಬಿಟ್ಟ ಜಾಗವನ್ನು ಸರ್ ತೋರಿಸಿದರೂ ತೋರಿಸಿಯಾರು. ಕೇಳಲಿ. ಯಾರಿಗೂ ಹೇಳುವುದಿಲ್ಲ, ಅಂದುಕೊಂಡು ಅವಳು ಕೌದಿಯನ್ನು ಕಿವಿಯ ತನಕ ಎಳೆದುಕೊಂಡಳು. ಗಂಟು ಕಟ್ಟಿಟ್ಟವರು ಯಾರು ಅಂತ ಆಯಿಗೂ ಹೇಳುವುದಿಲ್ಲ.