ಸಡಿಲ ಬಿಡದ ತೋಳು

ಮಾರ್ಚ್ ಹನ್ನೊಂದು, ಸಂಜೆ ಐದು ಗಂಟೆ ಹತ್ತು ನಿಮಿಷ.

ಕ್ರೀಡಾ ಸಾಮಗ್ರಿ ಅಂಗಡಿಯ ಬಾಗಿಲ ಮೇಲ್ಪಟ್ಟಿಗೆ ತಲೆ ಬಡಿದುಕೊಂಡೇ ಅವನು ಒಳಗೆ ಬಂದ.

"ಅಯ್ಯೋ! ಪೆಟ್ಟಾಯ್ತಾ?" ಕೊರಳಲ್ಲಿ ಅಳತೆಯ ಟೇಪ್ ಹಾಕಿಕೊಂಡಿದ್ದ ಅವಳು ಓಡಿ ಬಂದಳು.

"ಬಾಗಿಲಿಗಾ? ಇಲ್ಲ ಬಿಡಿ, ಗಟ್ಟಿಯಾಗೇ ಇದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ವಾಲಿಬಾಲ್ ತಂಡದವರು ಅವನನ್ನು 'ಉದ್ದಣ್ಣ' ಎನ್ನುವುದು ಸುಮ್ಮನೆ ಅಲ್ಲ!

ಆಡುವಾಗಲೂ, ಆಡಿ ದಣಿದ ಮೇಲೂ ಬಲಗೈಗೆ ಹಾಕಿಕೊಳ್ಳಲು, ತೋಳನ್ನು ಅದುಮಿ ಹಿಡಿಯುವ ಕಂಪ್ರೆಷನ್ ಸ್ಲೀವ್ ಒಂದು ಅವನಿಗೆ ಬೇಕಿತ್ತು.

"ಬಿಗಿಯಾದದ್ದೇ ಕೊಡಿ. ಬಿಗಿ ಇದ್ದಷ್ಟೂ ಒಳ್ಳೇದಂತೆ."

"ಯಾರು ಹೇಳಿದ್ದು? ಅದು ಕೈನ ಹಿಡಿದ ಹಾಗಿರಬೇಕು, ಹಿಂಡಿದ ಹಾಗಲ್ಲ. ಬೆರಳು ಜೋಮು ಹಿಡಿದ್ರೆ ತಕ್ಷಣ ತೆಗೀಬೇಕು."

ಭುಜಕ್ಕೂ ಮೊಣಕೈಗೂ ನಡುವೆ ಟೇಪ್ ಸುತ್ತಿದಳು. ಎಂಥ ಗಟ್ಟಿ ಕೈ... ಕಲ್ಲು! ಮೂವತ್ತನಾಲ್ಕು ಸೆಂಟಿಮೀಟರ್. ಸರಕ್ಕನೆ ಟೇಪ್ ಎಳೆದುಕೊಂಡು, ಮುಖ ತಿರುಗಿಸಿ, ದೊಡ್ಡ ಅಳತೆಯದನ್ನು ಕೊಟ್ಟುಬಿಟ್ಟಳು.

ನಾಲ್ಕು ದಿನಕ್ಕೆ ಅವನು ಮರಳಿ ಬಂದ. "ಜಾರ್ತಾ ಇದೆ."

ಮತ್ತೆ ಅಳೆದಳು. ಮತ್ತೆ ಮೂವತ್ತನಾಲ್ಕು. ಬೇರೆ ಕಂಪನಿಯದು ಕೊಟ್ಟಳು.

ಅದೂ ಜಾರಿತು. ಮೂರನೆಯ ಸಲ ಅವನು ಬಂದಾಗ ಅಂಗಡಿಯ ತುಂಬ ಜನ.

"ಏನಮ್ಮಾ, ಇನ್ನೊಂದು ಸಲ ಇದು ವಾಪಸ್ ಬಂದ್ರೆ ಟೇಪ್ ಬೇರೆಯವರ ಕೈಗೆ ಹೋಗುತ್ತೆ, ನೋಡು!" ಮಾಲೀಕ ಎಲ್ಲರೆದುರೇ ಗದರಿದ.

ಅವಳ ಕಿವಿ ಬಿಸಿಯಾಯಿತು. ಆ ಬಿಸಿಯೆಲ್ಲ ಅವನ ಮೇಲೆ ಸುರಿಯಿತು.

"ನಿಮಗೆ ಸ್ಲೀವ್ ಬೇಕಾ, ನನ್ನ ಮರ್ಯಾದೆ ತೆಗೀಬೇಕಾ? ಬೇರೆ ಅಂಗಡಿ ನೋಡ್ಕೊಳ್ಳಿ!"

ಅವನು ಏನೋ ಹೇಳಲು ಬಾಯಿ ತೆರೆದ... ಹೇಳಲಿಲ್ಲ. ಅಂದು ಮಾತ್ರ ತಲೆ ತಗ್ಗಿಸಿಕೊಂಡೇ ಹೊರಟ. ಬಾಗಿಲ ಮೇಲ್ಪಟ್ಟಿ ತಲೆಗೆ ಬಡಿಯಲಿಲ್ಲ.

ಮೇ ತಿಂಗಳಲ್ಲಿ ಅವನ ತಂಡದ ನಾಯಕ ಮಂಡಿಪಟ್ಟಿ ಕೊಳ್ಳಲು ಬಂದ.

"ಎಲ್ಲಿ ನಿಮ್ಮ... ಉದ್ದಣ್ಣ?" ಅವಳು ಕೇಳಿಯೇಬಿಟ್ಟಳು.

"ಅವನ ಕಥೆ ಕೇಳಬೇಡಿ ಮೇಡಂ. ಎಲ್ಲೋ ಅಳತೇನೇ ಕೊಡದೆ ಸಿಕ್ಕಾಪಟ್ಟೆ ಬಿಗಿ ಸ್ಲೀವ್ ತಂದ. ಫೈನಲ್‌ನಲ್ಲಿ ಬೆರಳೆಲ್ಲ ಜೋಮು! ಹೊಡೆದದ್ದೆಲ್ಲ ನೆಟ್‌ಗೆ. ದೊಡ್ಡ ತಂಡಕ್ಕೆ ಆರಿಸೋರು ಅವನನ್ನೇ ನೋಡೋಕೆ ಬಂದಿದ್ರು. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ..."

ಅವಳು ಮಂಡಿಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು.

ನಾನೇ ಕಳಿಸಿದ್ದಲ್ಲವೇ... ಬೇರೆ ಅಂಗಡಿಗೆ?

ಅಂಗಡಿ ಖಾಲಿಯಾದ ಮೇಲೆ ತನ್ನದೇ ತೋಳಿಗೆ ಟೇಪ್ ಸುತ್ತಿದಳು. ಮುಷ್ಟಿ ಬಿಗಿದು ನೋಡಿದಳು. ಸಡಿಲ ಬಿಟ್ಟು ನೋಡಿದಳು. ಅಂಕಿ ಇಳಿಯಿತು.

"ಕೈ ಸಡಿಲ ಬಿಡಿ" ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು. ಎಲ್ಲರಿಗೂ ಎರಡೆರಡು ಸಲ ಅಳೆಯುತ್ತಿದ್ದಳು. ಅವನಿಗೆ?

ಮರುದಿನ ಸಂಜೆ ಆಟದ ಮೈದಾನದ ಬೆಂಚಿನ ಮೇಲೆ ಅವನು ಒಬ್ಬನೇ ಕುಳಿತು ಬೂಟಿನ ದಾರ ಬಿಚ್ಚುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಟೇಪ್ ಹಿಡ್ಕೊಂಡೇ ಬಂದಿದ್ದೀರಲ್ಲ! ಕೆಲಸ ಹೋಯ್ತಾ?"

"ಇಲ್ಲ. ತಪ್ಪು ಒಪ್ಕೊಳ್ಳೋಕೆ ಬಂದೆ. ಕೈ ಸಡಿಲ ಬಿಡಿ ಅಂತ ನಿಮಗೆ ಹೇಳ್ಲೇ ಇಲ್ಲ. ಬಂದಾಗಲೆಲ್ಲ ಒಂದೇ ಸಲ ಅಳೆದು ಬಿಟ್ಟುಬಿಡ್ತಿದ್ದೆ."

"ಯಾಕೆ?"

"ಬೆರಳು ನಡುಗ್ತಿತ್ತು... ನಿಮಗೆ ಗೊತ್ತಾಗಬಾರದು ಅಂತ."

ಅವನು ತನ್ನ ಬಲತೋಳನ್ನು ನೋಡಿಕೊಂಡ.

"ನೀವು ಮುಟ್ಟಿದ ಕೂಡ್ಲೇ ನನ್ನ ಕೈ ಬಿಗಿಯಾಗ್ತಿತ್ತು. ಅದಕ್ಕೇ ಅಳತೆ ತಪ್ತಿದೆ ಅಂತ ಆಮೇಲಾಮೇಲೆ ಗೊತ್ತಾಯ್ತು. ಅಷ್ಟು ಜನರೆದುರು ಹೇಗೆ ಹೇಳ್ಲಿ?"

"ಹೇಳಿದ್ರೆ ಆ ಫೈನಲ್..."

"ಅದು ಇನ್ನು ವಾಪಸ್ ಬರಲ್ಲ." ಅವನು ತೋಳು ಮುಂದೆ ಚಾಚಿದ. "ನೀವು ಬಂದ್ರಲ್ಲ."

ಅವಳು ಅವನ ತೋಳಿಗೆ ಟೇಪ್ ಸುತ್ತಿದಳು. "ಸಡಿಲ ಬಿಡಿ."

"ಆಗ್ತಿಲ್ಲ."

"ಉಸಿರು ಬಿಡಿ."

"ನೀವು ಮೊದಲು ಕಣ್ಣೊರೆಸ್ಕೊಳ್ಳಿ. ಅಂಕಿ ಕಾಣ್ಬೇಕಲ್ಲ!"

ಅವಳು ಕಣ್ಣೊರೆಸಿಕೊಂಡಳು. ಮೊದಲ ಸಲ ಮೂವತ್ತಮೂರು. ಎರಡನೆಯ ಸಲ ಅವನ ಕೈ ಅವಳ ಅಂಗೈ ಮೇಲೆ ಹಗುರವಾಗಿ ಒರಗಿತು.

ಮೂವತ್ತೊಂದೂವರೆ ಸೆಂಟಿಮೀಟರ್.