ಮುಂದಿನ ಹಲಗೆಯವಳಿಗೆ ಇಟ್ಟ ಅನ್ನ

ಚಳಿ ಬಲಿಯುತ್ತಿದ್ದ ದಿನಗಳು, ದೀಪ ಹಚ್ಚುವ ಹೊತ್ತು. ಸುಝೌ ಊರಿನ ಹಳೆಯ ಸೇತುವೆಗಳನ್ನು ತೋರಿಸಲು ದೋಣಿ ನಡೆಸುವ ನನ್ನ ಗಂಡ ಬಾವ್‌ಶೆಂಗ್ ದಿನವೂ ಅದೇ ಒಬ್ಬ ಹೆಂಗಸನ್ನು ದೋಣಿಯಲ್ಲಿ ಕರೆದೊಯ್ಯುತ್ತಿದ್ದರು. ನನಗೆಂದೂ ಹಾಡದವರು ಅವಳಿಗೆ ಹಾಡುತ್ತಿದ್ದರು.

"ಅವಳ ಕಣ್ಣು ಸೇತುವೆ ಮೇಲೋ, ನಿಮ್ಮ ಮೇಲೋ?" ಎಂದೆ.

"ಹೋಗೇ ಹುಚ್ಚಿ, ಪಾಪ ಅವಳಿಗೆ ಯಾರೂ ಇಲ್ಲ," ಎಂದು ನಕ್ಕರು.

ಅವಳು ಕೂರುವ ಮುಂದಿನ ಹಲಗೆ ಬೆಳಗಾದರೂ ಒದ್ದೆಯಾಗಿ, ಮಂಜಿನಂತೆ ತಣ್ಣಗಿರುತ್ತಿತ್ತು. ಹೊಟ್ಟೆಕಿಚ್ಚು ತಡೆಯಲಾರದೆ ಒಂದು ಬಟ್ಟಲು ಅನ್ನದಲ್ಲಿ, ಸತ್ತವರಿಗೆ ಇಡುವಂತೆ, ಊಟದ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ಆ ಹಲಗೆಯ ಮೇಲಿಟ್ಟೆ. ಅವಮಾನವಾಗಿ ಬರುವುದನ್ನು ಬಿಡಲಿ ಎಂದು.

ದೋಣಿ ಮರಳಿದಾಗ ಬಟ್ಟಲು ಖಾಲಿಯಾಗಿತ್ತು.

"ಇಷ್ಟು ವರ್ಷಕ್ಕೆ ಒಬ್ಬರಾದ್ರೂ ಅನ್ನ ಇಟ್ರು ಅಂತ ಖುಷಿಪಟ್ಲು ಕಣೇ. ನಾಳೆ ನಂಗೂ ಒಂದು ಬಟ್ಟಲು ಹಾಗೇ ಕಡ್ಡಿ ಚುಚ್ಚಿ ಇಡ್ಬೇಕಂತೆ," ಎಂದರು.

ನಾನು ಇಡಲಿಲ್ಲ. ಮರುದಿನ, ಚಳಿಗಾಲದ ದೀರ್ಘರಾತ್ರಿಯ ಹಬ್ಬದಂದು, ಅವಳನ್ನು ಕೂರಿಸಿಕೊಂಡು ಹೋದ ಬಾವ್‌ಶೆಂಗ್ ಇಂದಿಗೂ ಮರಳಿಲ್ಲ.