ಏನಾದರೂ ಮಾಡಿದ ಮೇಲೆ ಬನ್ನಿ

ಬೆಳಿಗ್ಗೆ ಏಳೂವರೆಗೆ ಆಸ್ಪತ್ರೆಯ ತುರ್ತು ವಿಭಾಗದಿಂದ ಠಾಣೆಗೆ ಫೋನ್ ಬಂತು. ಹೊಲಿಗೆ ಕೆಲಸ ಮಾಡುವ ಮಧ್ಯವಯಸ್ಸಿನ ಹೆಂಗಸು, ಎಡ ಮುಂಗೈಗೆ ಆಳವಾದ ಗಾಯ. ತಮ್ಮನೇ ಕತ್ತರಿಯಿಂದ ಇರಿದ ಎನ್ನುತ್ತಿದ್ದಾಳೆ. ತಮ್ಮ ಎರಡು ತಿಂಗಳ ಹಿಂದಷ್ಟೇ ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆಯಾಗಿ ಮನೆಗೆ ಬಂದವನು.

ಇನ್ಸ್‌ಪೆಕ್ಟರ್ ಮಹಿಳಾ ಪೇದೆಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋದರು. ಗಾಯಾಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

"ಎಲ್ಲಿ ಚುಚ್ಚಿದ್ದು?"

"ಅವನ ರೂಮಿನ ಬಾಗಿಲ ಹತ್ರ."

"ಜಗಳ ಆಗಿತ್ತಾ?"

"ಇಲ್ಲ ಸರ್. ಸುಮ್ನೆ ಬಂದು ಚುಚ್ಚಿಬಿಟ್ಟ." ಆಮೇಲೆ ಆಕೆಯೇ ಕೇಳಿದಳು: "ಅವನನ್ನ ಹೊಡೀಬೇಡಿ. ಇವತ್ತೇ ಮತ್ತೆ ಆ ಮಾನಸಿಕ ಆಸ್ಪತ್ರೆಗೆ ಸೇರಿಸ್ತೀರಲ್ವಾ?"

ಇರಿತಕ್ಕೆ ಒಳಗಾದವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ ಅದಲ್ಲ. ಇನ್ಸ್‌ಪೆಕ್ಟರ್ ಹೇಳಿಕೆಗೆ ಸಹಿ ಹಾಕಿಸಿಕೊಂಡರು. ಕೊಲೆ ಯತ್ನದ ಎಫ್‌ಐಆರ್ ದಾಖಲಾಯಿತು.

ಆರೋಪಿಯನ್ನು ಹಿಡಿಯಲು ಕಷ್ಟವಾಗಲಿಲ್ಲ. ಮನೆಯ ಮೆಟ್ಟಿಲ ಮೇಲೆಯೇ ಕೂತಿದ್ದ. ಮೊದಲು ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದವನು. ಆ ಬೀದಿಯ ಅರ್ಧ ಬೋರ್ಡುಗಳು ಅವನ ಕೈಯವೇ. ಈಗ ಕೆನ್ನೆ ಒಳಹೋಗಿ, ತುಟಿ ಒಡೆದು ಸಿಪ್ಪೆ ಎದ್ದಿತ್ತು. ಅಂಗಡಿಯವರೆಲ್ಲ ಬೀದಿಯ ಆಚೆ ಬದಿಗೆ ನಿಂತು ನೋಡುತ್ತಿದ್ದರು. ಠಾಣೆಯಲ್ಲಿ ಎಲ್ಲರೂ 'ಮೀಸೆ' ಎಂದೇ ಕರೆಯುವ ಹೆಡ್ ಕಾನ್‌ಸ್ಟೆಬಲ್ ಅವನ ತೋಳು ಹಿಡಿದು ಜೀಪಿಗೆ ಹತ್ತಿಸಿದರು.

"ಈ ಕೇಸು ಹನ್ನೊಂದರ ಕಾಫಿಗೆ ಮುಂಚೆ ಮುಗೀತು ಬಿಡಿ ಸರ್," ಎಂದು ಮೀಸೆ ನಕ್ಕರು.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಕೇಳಿದರು, "ಅಕ್ಕನ್ನ ಇರಿದೆಯಾ?"

"ಇರಿದಿರಬೇಕು ಸರ್."

"ಇರಬೇಕು ಅಂದ್ರೆ? ನೆನಪಿದೆಯಾ ಇಲ್ವಾ?"

"ನೆನಪಿಲ್ಲ. ಆದ್ರೆ ಅಕ್ಕ ಹೇಳಿದ್ಲಂತಲ್ಲ, ಅವಳು ಸುಳ್ಳು ಹೇಳಲ್ಲ. ಇಲ್ಲದ್ದು ಕಾಣೋದು, ಇಲ್ಲದ್ದು ಕೇಳೋದು ನನಗೆ ತಾನೆ? ಹಾಗಾಗಿ ನಾನೇ ಇರ್ತೀನಿ."

ಕುಡಿಯಲು ನೀರು ಕೊಟ್ಟರೆ ಲೋಟದೊಳಗೆ ಇಣುಕಿ ನೋಡಿ ದೂರ ಸರಿಸಿದ. ಒತ್ತಾಯ ಮಾಡಿದಾಗ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಮೀಸೆಯವರ ನಗು ಅಲ್ಲಿಗೆ ನಿಂತಿತು.

ಹತ್ತು ಗಂಟೆಗೆ ಸ್ಥಳ ಪಂಚನಾಮೆ. ಮೇಲಿನ ಮನೆಯ ನಿವೃತ್ತ ಬಸ್ ಚಾಲಕ ಮತ್ತು ಎದುರಿನ ಚಪ್ಪಲಿ ಅಂಗಡಿಯವನು ಪಂಚರಾಗಿ ಬಂದರು. ಮುಂದೆ ಒಂದು ಹಾಲ್, ಅದಕ್ಕೆ ಸೇರಿದ ಅಡುಗೆಮನೆ, ಹಿಂದೆ ತಮ್ಮನ ಕೋಣೆ. ಹಾಲಿನಲ್ಲಿ ಕಿಟಕಿ ಪಕ್ಕ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ರಕ್ತವಿದ್ದದ್ದು ಆ ಮೇಜಿನ ಮೇಲೆ, ಅದರ ಅಂಚಿನಲ್ಲಿ, ಕೆಳಗಿನ ನೆಲದಲ್ಲಿ. ಕತ್ತರಿಯೂ ಅಲ್ಲೇ ಬಿದ್ದಿತ್ತು. ಕೋಣೆಯ ಬಾಗಿಲ ಹತ್ತಿರ ಒಂದು ಹನಿಯೂ ಇರಲಿಲ್ಲ.

ಮಹಿಳಾ ಪೇದೆ ಗೋಡೆಯ ಕಪಾಟು ತೋರಿಸಿದಳು. ಗಿರಾಕಿಗಳ ಅರ್ಧ ಹೊಲಿದ ಬಟ್ಟೆಗಳನ್ನು ಮಡಿಸಿ, ಮೇಲೊಂದು ಟವೆಲ್ ಮುಚ್ಚಿಡಲಾಗಿತ್ತು.

"ಮೇಜಿನ ಮೇಲಿದ್ದ ಕೆಲಸ ಇದು ಸರ್. ಸೂಜಿ ಇನ್ನೂ ಬಟ್ಟೇಲೇ ಇದೆ. ಇರಿಯೋಕೆ ಬಂದವನು ಇದನ್ನೆಲ್ಲ ಎತ್ತಿಡೋವರೆಗೂ ಕಾಯ್ತಾನಾ?"

ಬೆಳಿಗ್ಗೆ ಆಕೆಯನ್ನು ಆಸ್ಪತ್ರೆಗೆ ಸೇರಿಸಿದ್ದ ಚಾಲಕನ ಕಡೆ ಇನ್ಸ್‌ಪೆಕ್ಟರ್ ತಿರುಗಿದರು. "ನೀವು ಬಂದಾಗ ತಮ್ಮ ಎಲ್ಲಿದ್ದ?"

"ಕೋಣೆ ಒಳಗೆ ಸರ್. 'ಅಕ್ಕಾ, ಏನಾಯ್ತಕ್ಕಾ' ಅಂತ ಬಾಗಿಲು ಬಡೀತಿದ್ದ. ಅದು ಕೇಳೇ ನಾನು ಇಳಿದು ಬಂದದ್ದು."

"ಬಾಗಿಲು ಬಡೀತಿದ್ದನಾ? ಯಾಕೆ?"

"ಹೊರಗಿಂದ ಚಿಲಕ ಹಾಕಿತ್ತಲ್ಲ. ಆಯಮ್ಮ ನೆಲದ ಮೇಲೆ ಬಿದ್ದಿದ್ರು. ಚಿಲಕ ತೆಗೆದೋನು ನಾನೇ."

"ಇದನ್ನ ಯಾಕೆ ಮೊದಲೇ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ. ಹುಚ್ಚನೇ ಮಾಡಿದ ಅಂತ ಎಲ್ಲರೂ ಅಂದ್ರು, ನಾನೂ ಹೌದು ಅಂದ್ಕೊಂಡೆ." ಚಾಲಕ ತಲೆ ಕೆರೆದುಕೊಂಡು ನೆಲ ನೋಡಿದ.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್ ಸುತ್ತುಬಳಸಿ ಮಾತಾಡಲಿಲ್ಲ. ಮೀಸೆ ಬಾಗಿಲ ಬಳಿ ನಿಂತಿದ್ದರು.

"ಚಿಲಕ ಹಾಕಿದ್ದು ಯಾರು?"

ಆಕೆ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು.

"ಬಟ್ಟೆ ಎತ್ತಿಟ್ಟಿದ್ದು ಯಾರು ತಾಯಿ?"

"ನಾನೇ," ಎಂದಳು. "ಪರರ ಬಟ್ಟೆ, ಕಲೆ ಆಗ್ಬಾರದಲ್ಲ. ಅವನು ಬಂದು ತಡೀತಾನೆ ಅಂತ ಚಿಲಕ ಹಾಕಿದೆ. ಸ್ವಲ್ಪ ಗೀರ್ಕೊಂಡ್ರೆ ಸಾಕು ಅಂದ್ಕೊಂಡಿದ್ದೆ. ಕೈ ತಪ್ಪಿ ಆಳಕ್ಕೆ ಹೋಯ್ತು. ತಲೆ ಸುತ್ತಿ ಬಿದ್ದೆ. ಚಿಲಕ ತೆಗೆಯೋಕೆ ಆಗ್ಲಿಲ್ಲ."

"ಯಾಕೆ ಮಾಡಿದ್ರಿ?"

ಆಕೆ ಮೆಲ್ಲಗೆ ಎದ್ದು ಕೂತಳು. "ಒಂದು ತಿಂಗಳಿಗೆ ಮಾತ್ರೆ ಕೊಟ್ಟು ಮನೆಗೆ ಕಳಿಸಿದ್ರು. ಆಮೇಲೆ ನಿಮ್ಮ ಬಡಾವಣೆ ಆರೋಗ್ಯ ಕೇಂದ್ರದಲ್ಲೇ ಸಿಗುತ್ತೆ, ನರ್ಸಮ್ಮ ಮನೆಗೇ ಬಂದು ನೋಡ್ತಾರೆ ಅಂದ್ರು. ನರ್ಸಮ್ಮ ಒಂದೇ ಸಲ ಬಂದದ್ದು. ಹೊಸಲು ದಾಟಲಿಲ್ಲ, 'ಚೆನ್ನಾಗಿದ್ದಾನಲ್ಲ' ಅಂದು ಹೋದ್ರು. ಆಮೇಲೆ ಅವರಿಗೆ ವರ್ಗ ಆಯ್ತಂತೆ, ಬೇರೆಯವರು ಬರಲೇ ಇಲ್ಲ. ಕೇಂದ್ರಕ್ಕೆ ಹೋದಾಗಲೆಲ್ಲ ಮಾತ್ರೆ ಬಂದಿಲ್ಲ, ಮುಂದಿನ ವಾರ ಬನ್ನಿ ಅಂತಾರೆ. ಈಗ ನೀರಲ್ಲಿ ವಿಷ ಇದೆ ಅಂತ ಅವನು ನೀರೇ ಮುಟ್ಟಲ್ಲ. ಊಟಾನೂ ಬಿಟ್ಟ. ಕಣ್ಣೆದುರೇ ಒಣಗ್ತಿದ್ದಾನೆ."

"ಮತ್ತೆ ಆಸ್ಪತ್ರೆಗೆ ಕರ್ಕೊಂಡು ಹೋಗಬಹುದಿತ್ತಲ್ಲ?"

"ಕರ್ಕೊಂಡು ಹೋದೆ. ಯಾರಿಗಾದ್ರೂ ಹೊಡೆದಿದ್ದಾನಾ ಅಂತ ಕೇಳಿದ್ರು. ಇಲ್ಲ ಅಂದೆ. ಅಪಾಯ ಇಲ್ಲದವರಿಗೆ ಬೆಡ್ ಇಲ್ಲ ಅಂದ್ರು. ಅವನು ಯಾರಿಗೂ ಏನೂ ಮಾಡಲ್ಲ ಸರ್. ಅದೇ ತೊಂದರೆ ಆಯ್ತು."

"ನಮ್ಮ ಹತ್ರ ಬರಬಹುದಿತ್ತು."

"ಬಂದಿದ್ದೆ." ಆಕೆ ಬಾಗಿಲ ಕಡೆ ನೋಡಿದಳು, ಮತ್ತೆ ತಕ್ಷಣ ಕಣ್ಣು ತಗ್ಗಿಸಿದಳು. "ಹೋದ ವಾರ. ಏನಾದ್ರೂ ಮಾಡಿದ ಮೇಲೆ ಬನ್ನಿ ಅಂದ್ರು."

ಇನ್ಸ್‌ಪೆಕ್ಟರ್ ಬಾಗಿಲ ಕಡೆ ತಿರುಗಿದರು. ಮೀಸೆ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. "ನಾನೇ ಸರ್," ಎಂದರು. "ಬಾಯಿ ಮಾತಿಗೆ ಅಂದೆ. ಎಲ್ಲರಿಗೂ ಹಾಗೇ ಅಂತೀವಲ್ಲ."

ಸುಳ್ಳು ದೂರು ಕೊಟ್ಟು ನಿರಪರಾಧಿಯನ್ನು ಸಿಲುಕಿಸಿದ ಆರೋಪದ ಮೇಲೆ, ವೈದ್ಯರ ಒಪ್ಪಿಗೆ ಪಡೆದು, ಮಹಿಳಾ ಪೇದೆಯ ಸಮ್ಮುಖದಲ್ಲಿ ಆಕೆಯನ್ನು ಬಂಧಿಸಲಾಯಿತು. ಠಾಣೆಗೆ ಕರೆತಂದಾಗ ವರಾಂಡದ ಬೆಂಚಿನಿಂದ ತಮ್ಮ ಎದ್ದು ನಿಂತ.

"ಅಕ್ಕಾ, ಕೈ ನೋಯ್ತಿದ್ಯಾ? ನಾನಲ್ವಂತೆ ಅಕ್ಕಾ. ಇವರು ಹೇಳಿದ್ರು."

ಅವನ ಮುಖ ಗೆಲುವಾಗಿತ್ತು. ಹಾಗಾದರೆ ಮತ್ತಾರು ಎಂಬುದು ಆಮೇಲೆ ಹೊಳೆಯಿತೇನೋ, ಗಾಯವಾದ ಆ ಕೈಯನ್ನು ಮುಟ್ಟಹೋದವನು ಅರ್ಧಕ್ಕೇ ನಿಂತ. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಇನ್ಸ್‌ಪೆಕ್ಟರ್ ಮಾನಸಿಕ ಆಸ್ಪತ್ರೆಗೆ ಫೋನ್ ಮಾಡಿದರು. ಅದೇ ಪ್ರಶ್ನೆ ಬಂತು: ಯಾರಿಗಾದರೂ ಅಪಾಯ ಮಾಡಿದ್ದಾನೆಯೇ? ಅವರು ಫೋನ್ ಇಟ್ಟು, ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ತಾವೇ ಹೋದರು. ಸಮವಸ್ತ್ರದಲ್ಲಿ ಎರಡು ಗಂಟೆ ಸಾಲಿನಲ್ಲಿ ಕೂತ ಮೇಲೆ ವೈದ್ಯರು ನೋಡಿದರು. ಒಣಗಿದ ನಾಲಿಗೆ ನೋಡಿ, ಇಷ್ಟು ದಿನ ಯಾಕೆ ಕರೆತರಲಿಲ್ಲ ಎಂದು ಗದರಿದರು. ಅಕ್ಕ ಕರೆತಂದಿದ್ದಳು ಎಂದು ಇನ್ಸ್‌ಪೆಕ್ಟರ್ ಹೇಳಿದಾಗ ವೈದ್ಯರು ಚೀಟಿ ಬರೆಯುತ್ತ ತಲೆ ಎತ್ತಲಿಲ್ಲ. ಬೆಡ್ ಸಿಕ್ಕಿತು.

ಆಕೆಗೆ ಮರುದಿನ ಜಾಮೀನಾಯಿತು. ಪ್ರಕರಣ ಮಾತ್ರ ಉಳಿಯಿತು. ಕೃತ್ಯದ ಉದ್ದೇಶ ಎಂಬಲ್ಲಿ ಇನ್ಸ್‌ಪೆಕ್ಟರ್ ಬರೆದದ್ದು ಇಷ್ಟು: ತಮ್ಮನಿಗೆ ಚಿಕಿತ್ಸೆ ಕೊಡಿಸಲು ಆರೋಪಿಗೆ ಬೇರೆ ದಾರಿ ತೋರಲಿಲ್ಲ, ಆಕೆ ಕೇಳಿದ ಕಡೆಯೆಲ್ಲ, ಈ ಠಾಣೆಯೂ ಸೇರಿದಂತೆ, ದಾರಿ ಇರಲಿಲ್ಲ.

ಮನೆವರೆಗೆ ಜೀಪಿನಲ್ಲಿ ಬಿಡುತ್ತೇವೆ ಎಂದರೆ ಆಕೆ ಒಪ್ಪಲಿಲ್ಲ. ಬೀದಿಯ ತುದಿಯಲ್ಲೇ ಇಳಿದಳು. ಮೊದಲ ಅಂಗಡಿಯ ಮುಂದೆ ನಿಂತು, "ಅವನಲ್ಲ, ನಾನೇ ಮಾಡ್ಕೊಂಡದ್ದು," ಎಂದಳು. ಅಂಗಡಿಯವನು ಕುರ್ಚಿಯಿಂದ ಎದ್ದು ನಿಂತ. ಆಕೆ ಮುಂದಿನ ಅಂಗಡಿಗೆ ಹೋದಳು. ಅಲ್ಲೂ ಅದನ್ನೇ ಹೇಳಿದಳು. ಮೀಸೆ ಟೋಪಿಯನ್ನು ಜೀಪಿನಲ್ಲೇ ಬಿಟ್ಟು, ನಾಲ್ಕು ಹೆಜ್ಜೆ ಹಿಂದೆ, ಅವಳ ಜೊತೆ ಪ್ರತಿ ಅಂಗಡಿಯ ಮುಂದೆಯೂ ತಲೆ ತಗ್ಗಿಸಿ ನಿಂತರು.